ಬೆರಳ ತುದಿಯ ಹನಿ: ಮನೆಯ ರಕ್ತಪರೀಕ್ಷೆಯಿಂದ ಊಟ, ವ್ಯಾಯಾಮಗಳನ್ನು ತಿದ್ದಿಕೊಳ್ಳಬಹುದೇ?

ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ರಾಮೋನ್‌ಗಳ ಕನ್ನಡ ಮನೆಗಳಿಗೆ ಗ್ಲೂಕೋಮೀಟರ್ ಹೊಸ ವಸ್ತುವಲ್ಲ. ಊರಿನಿಂದ ಆರು ತಿಂಗಳ ಮಟ್ಟಿಗೆ ಬರುವ ತಂದೆತಾಯಿಯರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ಪಕ್ಕದಲ್ಲಿ ಅದೂ ಇರುತ್ತದೆ. ಹೊಸದಾಗಿರುವುದು ಬೇರೊಂದು ಅಭ್ಯಾಸ. ಮಧುಮೇಹವಿಲ್ಲದ, ನಲವತ್ತರ ಆಸುಪಾಸಿನ ಮಗನೋ ಸೊಸೆಯೋ ತೋಳಿಗೆ ಸೆನ್ಸರ್ ಅಂಟಿಸಿಕೊಂಡು, ಊಟದ ನಡುವೆ ಫೋನಿನಲ್ಲಿ ಏರುವ ಗೆರೆಯನ್ನು ನೋಡಿ ಅನ್ನವನ್ನು ಪಕ್ಕಕ್ಕೆ ಸರಿಸುವ ದೃಶ್ಯ ಈಗ ಅಪರೂಪವಲ್ಲ. ಮೂರು ತಿಂಗಳಿಗೊಮ್ಮೆ ಹತ್ತಾರು ರಕ್ತಪರೀಕ್ಷೆಗಳನ್ನು ಮಾಡಿಸಿ, ಫಲಿತಾಂಶಕ್ಕೆ ತಕ್ಕಂತೆ ಆಹಾರವನ್ನೂ ಓಟವನ್ನೂ ಬದಲಿಸುವವರೂ ಇದ್ದಾರೆ.

2024ರ ಮಾರ್ಚ್ 5ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಡೆಕ್ಸ್‌ಕಾಮ್ ಕಂಪನಿಯ ಸ್ಟೆಲೊ ಎಂಬ ನಿರಂತರ ಗ್ಲೂಕೋಸ್ ಮಾಪಕವನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅನುಮತಿ ನೀಡಿತು. ಇನ್ಸುಲಿನ್ ತೆಗೆದುಕೊಳ್ಳದ, 18 ವರ್ಷ ತುಂಬಿದ ಯಾರು ಬೇಕಾದರೂ ಅದನ್ನು ಕೊಳ್ಳಬಹುದು. ಅದೇ ವರ್ಷದ ಜೂನ್‌ನಲ್ಲಿ ಅಬಟ್ ಕಂಪನಿಯ ಲಿಂಗೊಗೂ ಅಂಥದೇ ಅನುಮತಿ ದೊರೆಯಿತು. ರೋಗಿಯ ಉಪಕರಣವು ಆರೋಗ್ಯವಂತನ ಉಪಕರಣವಾದ ಈ ಬದಲಾವಣೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ದಕ್ಷಿಣ ಏಷ್ಯಾ ಮೂಲದವರಾದ ನಮಗೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ಪರೀಕ್ಷೆ ಮನೆಗೆ ಬಂದ ಬಗೆ

ರಕ್ತದ ಸಕ್ಕರೆಯನ್ನು ಮನೆಯಲ್ಲಿ ಅಳೆಯುವ ಪದ್ಧತಿಯನ್ನು ಆರಂಭಿಸಿದವರಲ್ಲಿ ಮೊದಲಿಗರು ವೈದ್ಯರಲ್ಲ, ಒಬ್ಬ ರೋಗಿ. ಬಾಲ್ಯದಿಂದಲೇ ಒಂದನೆಯ ಬಗೆಯ ಮಧುಮೇಹವಿದ್ದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೈನ್ 1969ರಲ್ಲಿ ಏಮ್ಸ್ ಕಂಪನಿಯ ಮಾಪಕವೊಂದರ ಜಾಹೀರಾತನ್ನು ಕಂಡರು. ಒಂದು ಕಿಲೋಗೂ ಹೆಚ್ಚು ತೂಗುತ್ತಿದ್ದ, ಸುಮಾರು 650 ಡಾಲರ್ ಬೆಲೆಯ ಆ ಯಂತ್ರವನ್ನು ವೈದ್ಯರಿಗೂ ಆಸ್ಪತ್ರೆಗಳಿಗೂ ಮಾತ್ರ ಮಾರುತ್ತಿದ್ದರು. ವೈದ್ಯೆಯಾಗಿದ್ದ ಪತ್ನಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡ ಅವರು ದಿನಕ್ಕೆ ಹಲವು ಬಾರಿ ರಕ್ತವನ್ನು ಪರೀಕ್ಷಿಸಿ, ಆಹಾರವನ್ನೂ ಇನ್ಸುಲಿನ್ ಪ್ರಮಾಣವನ್ನೂ ಹೊಂದಿಸುತ್ತ ಹೋದರು. ಅವರ ಬರಹವನ್ನು ವೈದ್ಯಕೀಯ ಪತ್ರಿಕೆಗಳು ಸ್ವೀಕರಿಸಲಿಲ್ಲ. ಕೊನೆಗೆ ನಡುವಯಸ್ಸಿನಲ್ಲಿ ಅವರೇ ವೈದ್ಯಕೀಯ ಶಿಕ್ಷಣಕ್ಕೆ ಸೇರಿದರು.

1,441 ಮಂದಿ ಭಾಗವಹಿಸಿದ್ದ ಅಮೆರಿಕ ಮತ್ತು ಕೆನಡಾದ ದೊಡ್ಡ ಅಧ್ಯಯನದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳಿಗೆ ಆಗುವ ಹಾನಿ ಬಹುಮಟ್ಟಿಗೆ ತಗ್ಗುತ್ತದೆ ಎಂಬುದು ಅದರಿಂದ ಸ್ಥಾಪಿತವಾಯಿತು. ಆ ಹತೋಟಿಗೆ ದಿನಕ್ಕೆ ಹಲವು ಬಾರಿಯ ಸ್ವಂತ ಪರೀಕ್ಷೆ ಅನಿವಾರ್ಯವಾಗಿತ್ತು. ಮನೆಯ ರಕ್ತಪರೀಕ್ಷೆ ಜೀವ ಉಳಿಸಿದ ಕತೆ ಇದು. ಆದರೆ ಇಲ್ಲಿ ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ನಿರ್ಧಾರವಿತ್ತು: ಈಗ ಎಷ್ಟು ಇನ್ಸುಲಿನ್ ಬೇಕು ಎಂಬುದು. ಆರೋಗ್ಯವಂತನ ಫೋನಿನಲ್ಲಿ ಮೂಡುವ ಅಂಕಿಗೆ ಅಂಥ ಸ್ಪಷ್ಟ ನಿರ್ಧಾರ ಜೊತೆಗಿರುವುದಿಲ್ಲ.

ಕೊಲ್ಲಿಯ ಎರಡು ದಡಗಳು

ಒಂದು ಹನಿ ರಕ್ತದ ವಿಷಯದಲ್ಲಿ ಬೇ ಏರಿಯಾ ಜಗತ್ತಿಗೆ ಎರಡು ಪಾಠಗಳನ್ನು ಕೊಟ್ಟಿದೆ. ಒಂದು ಎಲ್ಲರಿಗೂ ಗೊತ್ತು. 2003ರಲ್ಲಿ ಎಲಿಜಬೆತ್ ಹೋಮ್ಸ್ ಸ್ಥಾಪಿಸಿದ, ಪಾಲೊ ಆಲ್ಟೊದಲ್ಲಿ ನೆಲೆಸಿದ್ದ ಥೆರನೋಸ್ ಕಂಪನಿಯು ಬೆರಳ ತುದಿಯ ಕೆಲವೇ ಹನಿಗಳಿಂದ ನೂರಾರು ಪರೀಕ್ಷೆಗಳನ್ನು ಮಾಡುವುದಾಗಿ ಹೇಳಿತು. ಅದರ ಮೌಲ್ಯ 900 ಕೋಟಿ ಡಾಲರ್ ತಲುಪಿತು. 2015ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಜಾನ್ ಕ್ಯಾರಿರೂ ಬರೆದ ವರದಿಯು, ಬಹುಪಾಲು ಪರೀಕ್ಷೆಗಳು ಬೇರೆ ಕಂಪನಿಗಳ ಸಾಮಾನ್ಯ ಯಂತ್ರಗಳಲ್ಲೇ ನಡೆಯುತ್ತಿದ್ದುದನ್ನು ಹೊರಗೆಡಹಿತು. ಮರುವರ್ಷ ಕಂಪನಿ ತನ್ನ ಯಂತ್ರದ ಎರಡು ವರ್ಷಗಳ ಫಲಿತಾಂಶಗಳನ್ನು ರದ್ದುಪಡಿಸಿತು. 2017ರಲ್ಲಿ ಅರಿಜೋನದ 76,000ಕ್ಕೂ ಹೆಚ್ಚು ಗ್ರಾಹಕರಿಗೆ ಹಣ ಹಿಂದಿರುಗಿಸಲು 46.5 ಲಕ್ಷ ಡಾಲರ್ ಕೊಡಲು ಒಪ್ಪಿತು. 2022ರ ಜನವರಿ 3ರಂದು ಸ್ಯಾನ್ ಹೋಸೆಯ ಫೆಡರಲ್ ನ್ಯಾಯಾಲಯದಲ್ಲಿ, ಹೂಡಿಕೆದಾರರನ್ನು ವಂಚಿಸಿದ ನಾಲ್ಕು ಆರೋಪಗಳಲ್ಲಿ ಹೋಮ್ಸ್ ತಪ್ಪಿತಸ್ಥೆ ಎಂದು ತೀರ್ಪಾಯಿತು. ಅದೇ ನವೆಂಬರ್‌ನಲ್ಲಿ ಹನ್ನೊಂದು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು.

ಕೊಲ್ಲಿಯ ಆಚೆ ದಡದ ಕತೆ ಅಷ್ಟು ಪ್ರಸಿದ್ಧವಲ್ಲ. 1996ರಲ್ಲಿ ರಸಾಯನಶಾಸ್ತ್ರಜ್ಞ ಆಡಮ್ ಹೆಲ್ಲರ್ ಮತ್ತು ಅವರ ಮಗ ಎಫ್ರಾಯಿಮ್ ಹೆಲ್ಲರ್ ಕಟ್ಟಿದ ಕಂಪನಿ ಥೆರಾಸೆನ್ಸ್ ಎಂಬ ಹೆಸರಿನಲ್ಲಿ ಅಲಮೀಡಾದಲ್ಲಿ ಬೆಳೆಯಿತು. 2000ದಲ್ಲಿ ಅದು ತಂದ ಫ್ರೀಸ್ಟೈಲ್ ಮಾಪಕಕ್ಕೆ ಒಂದು ಮೈಕ್ರೊಲೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ರಕ್ತ ಸಾಕಾಗುತ್ತಿತ್ತು. ಅಬಟ್ 2004ರಲ್ಲಿ ಈ ಕಂಪನಿಯನ್ನು ಕೊಂಡಿತು. ಇಂದು ಲಕ್ಷಾಂತರ ಜನರ ತೋಳಿನ ಮೇಲಿರುವ ಲಿಬ್ರೆ ಸೆನ್ಸರಿನ ಬೇರು ಅಲ್ಲಿದೆ.

ಎರಡೂ ಕಂಪನಿಗಳು ಚುಚ್ಚುವ ನೋವನ್ನು ತಗ್ಗಿಸಹೊರಟವು. ಒಂದು ಕಂಪನಿ ಒಂದೇ ವಸ್ತುವನ್ನು ಅಳೆಯುವ ರಸಾಯನಕ್ರಿಯೆಯನ್ನು ವರ್ಷಗಟ್ಟಲೆ ತಿದ್ದಿತು. ಇನ್ನೊಂದು ಎಲ್ಲವನ್ನೂ ಒಮ್ಮೆಗೇ ಅಳೆಯುವ ಭರವಸೆಯನ್ನು ಮಾರಿತು. ಬೆರಳನ್ನು ಹಿಂಡಿ ತೆಗೆದ ರಕ್ತದಲ್ಲಿ ಅಂಗಾಂಶದ ದ್ರವ ಬೆರೆಯುತ್ತದೆ, ಕೆಂಪುಕಣಗಳು ಒಡೆಯುತ್ತವೆ. ಪೊಟ್ಯಾಸಿಯಮ್‌ನಂಥ ಅಂಶಗಳ ಅಳತೆ ಇದರಿಂದ ಕೆಡುತ್ತದೆ. ಆದ್ದರಿಂದ ಮನೆಯ ಪರೀಕ್ಷೆಯ ಪೆಟ್ಟಿಗೆಯನ್ನು ಕೊಳ್ಳುವವರು ಕೇಳಬೇಕಾದುದು ಅದು ಎಷ್ಟು ಅಂಶಗಳನ್ನು ಅಳೆಯುತ್ತದೆ ಎಂದಲ್ಲ. ಪ್ರತಿಯೊಂದನ್ನೂ ಎಷ್ಟು ಸರಿಯಾಗಿ ಅಳೆಯುತ್ತದೆ ಎಂದು.

ನಮ್ಮ ಮೈಯ ಲೆಕ್ಕ

ಇಷ್ಟು ಹೇಳಿ, ಇದೆಲ್ಲ ಸಿಲಿಕಾನ್ ವ್ಯಾಲಿಯ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸ್ಯಾನ್ ಫ್ರಾನ್ಸಿಸ್ಕೊದ ಡಾ. ಅಲ್ಕಾ ಕಾನಾಯಾ ಅವರ ನೇತೃತ್ವದಲ್ಲಿ 2010ರಲ್ಲಿ ಆರಂಭವಾದ ಮಸಾಲಾ ಅಧ್ಯಯನವು ಬೇ ಏರಿಯಾ ಮತ್ತು ಶಿಕಾಗೊಗಳ 906 ದಕ್ಷಿಣ ಏಷ್ಯನ್ನರನ್ನು ಪರೀಕ್ಷಿಸಿತು. ವಯಸ್ಸಿನ ವ್ಯತ್ಯಾಸವನ್ನು ಸರಿಹೊಂದಿಸಿ ನೋಡಿದಾಗ ಅವರಲ್ಲಿ ಶೇ. 23ರಷ್ಟು ಮಂದಿಗೆ ಮಧುಮೇಹವಿತ್ತು. ಹೋಲಿಕೆಗೆ ತೆಗೆದುಕೊಂಡ ಬಿಳಿಯ ಅಮೆರಿಕನ್ನರಲ್ಲಿ ಅದು ಶೇ. 6 ಮಾತ್ರ.

ಇದು ಕಣ್ಣಿಗೆ ಕಾಣುವ ಬೊಜ್ಜಿನ ಮಾತಲ್ಲ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಅವರ ದೇಹದ ಕೊಬ್ಬು ಶೇ. 9.1 ಇದ್ದರೆ, ಯಾಜ್ಞಿಕ್ ಅವರದು ಶೇ. 21.2. ತೆಳ್ಳಗೆ ಕಾಣುವ ನಮ್ಮ ಮೈ ಒಳಗೆ ತೆಳ್ಳಗಿರಬೇಕೆಂದಿಲ್ಲ. ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ 2015ರಿಂದ ಏಷ್ಯಾ ಮೂಲದವರಿಗೆ ಸೂಚ್ಯಂಕ 23 ದಾಟಿದೊಡನೆ ಮಧುಮೇಹದ ತಪಾಸಣೆಯನ್ನು ಪರಿಗಣಿಸಬೇಕೆಂದು ಹೇಳುತ್ತಿದೆ. ಉಳಿದವರಿಗೆ ಆ ಗಡಿ 25. ಮೌಂಟನ್ ವ್ಯೂನ ಎಲ್ ಕಮೀನೊ ಆಸ್ಪತ್ರೆಯಲ್ಲಿ 2006ರಿಂದ ನಡೆಯುತ್ತಿರುವ ದಕ್ಷಿಣ ಏಷ್ಯನ್ ಹೃದಯ ಕೇಂದ್ರ ಹುಟ್ಟಿದ್ದೂ ಇದೇ ಅಗತ್ಯದಿಂದ.

ಪದೇಪದೇ ಮಾಡಿದ ಪರೀಕ್ಷೆ ಫಲ ಕೊಟ್ಟ ಪ್ರಸಿದ್ಧ ಉದಾಹರಣೆಯೂ ಇಲ್ಲಿಯದೇ. ಸ್ಟ್ಯಾನ್‌ಫರ್ಡ್‌ನ ತಳಿವಿಜ್ಞಾನಿ ಮೈಕೆಲ್ ಸ್ನೈಡರ್ ತಮ್ಮ ರಕ್ತವನ್ನೇ ಹದಿನಾಲ್ಕು ತಿಂಗಳ ಕಾಲ ಮತ್ತೆ ಮತ್ತೆ ವಿಶ್ಲೇಷಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಅವಧಿಯಲ್ಲಿ ಒಂದು ವೈರಸ್ ಸೋಂಕಿನ ಬೆನ್ನಿಗೆ ಅವರ ಸಕ್ಕರೆ ಮಧುಮೇಹದ ಮಟ್ಟಕ್ಕೆ ಏರಿದ್ದು ಕಂಡಿತು. ಅವರು ದಪ್ಪಗಿರಲಿಲ್ಲ. ಸಿಹಿಯನ್ನು ಬಿಟ್ಟು ವ್ಯಾಯಾಮ ಹೆಚ್ಚಿಸಿದಾಗ ಕೆಲವು ತಿಂಗಳಲ್ಲಿ ಅದು ಇಳಿಯಿತು. ಆದರೆ ಆ ಏರಿಕೆಯನ್ನು ಗುರುತಿಸಲು ಬೇಕಾದುದು ಸಾವಿರಾರು ಅಣುಗಳ ವಿಶ್ಲೇಷಣೆಯಲ್ಲ, ಎಲ್ಲ ಪ್ರಯೋಗಾಲಯಗಳಲ್ಲೂ ದೊರೆಯುವ ಅಗ್ಗದ ಗ್ಲೂಕೋಸ್ ಪರೀಕ್ಷೆ ಎಂಬುದನ್ನೂ ಮರೆಯಬಾರದು.

ಅಂಕಿ ಹೇಳುವುದು, ಹೇಳದಿರುವುದು

ಮನೆಯ ಗ್ಲೂಕೋಮೀಟರಿಗೆ ಇರುವ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, 100 ಮತ್ತು ಅದಕ್ಕೆ ಮೇಲ್ಪಟ್ಟ ಅಳತೆಗಳಲ್ಲಿ ಶೇ. 95ರಷ್ಟು ಪ್ರಯೋಗಾಲಯದ ಅಳತೆಗಿಂತ ಶೇ. 15ರ ಅಂತರದೊಳಗೆ ಇರಬೇಕು. ಎಂದರೆ ನಿಜವಾದ ಮಟ್ಟ 110 ಇದ್ದಾಗ ಯಂತ್ರವು 94 ತೋರಿಸಿದರೂ 126 ತೋರಿಸಿದರೂ ಮಾನದಂಡ ಮುರಿದಂತಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಸಹಜ, 100ರಿಂದ 125 ಮಧುಮೇಹಪೂರ್ವ ಸ್ಥಿತಿ, 126 ಮಧುಮೇಹ. ಒಂದೇ ಹನಿಯ ತಪ್ಪಿನ ಹರವಿನೊಳಗೆ ಈ ಮೂರೂ ಅಡಗಿವೆ. ಇನ್ಸುಲಿನ್ ಬಳಸುವವರಲ್ಲಿ ದೊಡ್ಡ ಏರಿಳಿತಗಳನ್ನು ಹಿಡಿಯಲು ಈ ನಿಖರತೆ ಸಾಕು. ಆರೋಗ್ಯವಂತರ ಸಣ್ಣ ವ್ಯತ್ಯಾಸಗಳನ್ನು ತೂಗಲು ಸಾಲದು. ತೋಳಿನ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ತೋಳಿನ ಮೇಲೆ ಒರಗಿ ಮಲಗಿದರೂ ಅಂಕಿ ಸುಳ್ಳಾಗಿ ಇಳಿಯಬಹುದು.

2018ರಲ್ಲಿ ಸ್ಟ್ಯಾನ್‌ಫರ್ಡ್ ತಂಡವು 57 ಮಂದಿಗೆ ಸೆನ್ಸರ್ ಹಾಕಿ ನೋಡಿತು. ಸಾಮಾನ್ಯ ಪರೀಕ್ಷೆಯಲ್ಲಿ ಮಧುಮೇಹವಿಲ್ಲವೆಂದು ಕಂಡ ಹಲವರಲ್ಲೂ ಹಾಲು ಬೆರೆಸಿದ ಕಾರ್ನ್‌ಫ್ಲೇಕ್ಸ್ ತಿಂದಾಗ ಸಕ್ಕರೆ ತುಸು ಹೊತ್ತು ಮೇಲಿನ ಗಡಿಯನ್ನು ದಾಟಿತು. ಒಂದೇ ಆಹಾರಕ್ಕೆ ಒಬ್ಬೊಬ್ಬರ ದೇಹ ಒಂದೊಂದು ಬಗೆಯಲ್ಲಿ ಸ್ಪಂದಿಸುತ್ತದೆ ಎಂಬುದು ಇದರಿಂದ ಗಟ್ಟಿಯಾಯಿತು. ಆದರೆ ಆರೋಗ್ಯವಂತರಲ್ಲಿ ಆ ಕ್ಷಣಿಕ ಏರಿಕೆಯನ್ನು ತಗ್ಗಿಸಿದರೆ ಮುಂದೆ ರೋಗ ತಪ್ಪುತ್ತದೆ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ. ಗೆರೆ ಸಮತಟ್ಟಾಗಿರಲೆಂದು ಮುದ್ದೆಯನ್ನು ಬಿಟ್ಟು ಬೆಣ್ಣೆ, ಚೀಸ್‌ಗಳನ್ನು ಹೆಚ್ಚಿಸಿದವರ ಸಕ್ಕರೆಯ ನಕ್ಷೆ ಚೆಂದವಾಗುತ್ತದೆ. ಅತ್ತ ಎಲ್‌ಡಿಎಲ್ ಕೊಲೆಸ್ಟರಾಲ್ ಏರುತ್ತಿದ್ದರೆ ಸೆನ್ಸರಿಗೆ ಅದು ಕಾಣುವುದಿಲ್ಲ.

ಹತ್ತಾರು ಅಂಶಗಳ ಪಟ್ಟಿಗೂ ತನ್ನದೇ ಬಲೆಯಿದೆ. ಸಹಜ ವ್ಯಾಪ್ತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿ ಒಳಗೊಳ್ಳುವಂತೆ ಗೊತ್ತುಪಡಿಸುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿಸಿದ ಪೂರ್ಣ ಆರೋಗ್ಯವಂತನಿಗೂ ಕನಿಷ್ಠ ಒಂದಾದರೂ ಕೆಂಪು ಗುರುತು ಬೀಳುವ ಸಂಭವ ಶೇ. 64. ಹಿಂದಿನ ದಿನ ಬೆಟ್ಟ ಹತ್ತಿ ಬಂದವನ ಸ್ನಾಯು ಮತ್ತು ಯಕೃತ್ತಿನ ಕಿಣ್ವಗಳು ಏರಿರುತ್ತವೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರ ಥೈರಾಯ್ಡ್ ಫಲಿತಾಂಶವೇ ತಪ್ಪಾಗಬಹುದೆಂದು ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಎಚ್ಚರಿಸಿದೆ. ಸಸ್ಯಾಹಾರಿ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾದ ಕಬ್ಬಿಣದ ಕೊರತೆಯು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಅಂಕಿಯನ್ನು ನಿಜಕ್ಕಿಂತ ಮೇಲಕ್ಕೆ ತೋರಿಸಬಲ್ಲದು. 5.9 ಎಂಬ ಅಂಕಿಯನ್ನು ಕಂಡು ಅನ್ನ ಬಿಟ್ಟ ಗೃಹಿಣಿಗೆ ನಿಜವಾಗಿ ಬೇಕಾಗಿದ್ದುದು ಕಬ್ಬಿಣವಾಗಿರಬಹುದು.

ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಆಸ್ಪತ್ರೆಯ ದಾಖಲೆಗಳಿಗೆ ಫೆಡರಲ್ ಗೋಪ್ಯತಾ ಕಾನೂನಿನ ರಕ್ಷಣೆಯಿದೆ. ಗ್ರಾಹಕನಾಗಿ ನಾವೇ ಕೊಂಡ ಆ್ಯಪ್‌ಗೆ ಒಪ್ಪಿಸಿದ ಮಾಹಿತಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬೇ ಏರಿಯಾದಲ್ಲೇ ಬೆಳೆದ ತಳಿಪರೀಕ್ಷೆಯ ಕಂಪನಿ 23ಆ್ಯಂಡ್‌ಮಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸುವ ಹೊತ್ತಿಗೆ, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ರಾಬ್ ಬೊಂಟಾ ಮಾಹಿತಿಯನ್ನು ಅಳಿಸಿಹಾಕುವ ಹಕ್ಕನ್ನು ಗ್ರಾಹಕರಿಗೆ ನೆನಪಿಸಬೇಕಾಯಿತು. ಕಂಪನಿ ಕೈಬದಲಾದಾಗ ಮಾಹಿತಿಯೂ ಅದರ ಆಸ್ತಿಯಂತೆ ಕೈಬದಲಾಗುತ್ತದೆ. ರಕ್ತದ ಮಾಸಿಕ ಲೆಕ್ಕಕ್ಕೂ ಇದೇ ಮಾತು ಸಲ್ಲುತ್ತದೆ.

ಉಪಯೋಗಕ್ಕೆ ಬರುವ ದಾರಿ

ಮಧುಮೇಹಪೂರ್ವ ಸ್ಥಿತಿಯಲ್ಲಿರುವವರಿಗೆ ಏನು ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯವಿದೆ. 3,234 ಮಂದಿಯ ಅಮೆರಿಕದ ಅಧ್ಯಯನವು 2002ರಲ್ಲಿ ತೋರಿಸಿದಂತೆ, ದೇಹತೂಕದಲ್ಲಿ ಶೇ. 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆಯನ್ನು ಗುರಿಯಾಗಿಟ್ಟುಕೊಂಡವರಲ್ಲಿ ಮಧುಮೇಹ ಬರುವ ಪ್ರಮಾಣ ಶೇ. 58 ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ. 31. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 531 ಮಂದಿಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೀವನಕ್ರಮದ ಬದಲಾವಣೆಯಿಂದ ಶೇ. 28.5 ಇಳಿಕೆಯಾಯಿತು. ನಮ್ಮವರಲ್ಲಿ ಲಾಭ ಕಡಿಮೆ, ಆದರೆ ಲಾಭ ಇದ್ದೇ ಇದೆ. ಈ ಎರಡು ಅಧ್ಯಯನಗಳಲ್ಲೂ ಯಾರ ತೋಳಿನ ಮೇಲೂ ಸೆನ್ಸರ್ ಇರಲಿಲ್ಲ.

ಹಾಗಾದರೆ ಮನೆಯ ಪರೀಕ್ಷೆಯ ಸ್ಥಾನವೆಲ್ಲಿ? ಮೊದಲು ಪ್ರಯೋಗಾಲಯದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಕೊಲೆಸ್ಟರಾಲ್‌ಗಳನ್ನೂ, ಜೀವನದಲ್ಲಿ ಒಮ್ಮೆಯಾದರೂ ಲೈಪೊಪ್ರೋಟೀನ್-ಎ ಅನ್ನೂ ವೈದ್ಯರ ಮೂಲಕ ನೋಡಿಸಿಕೊಳ್ಳಬೇಕು. ಮಧುಮೇಹಪೂರ್ವ ಸ್ಥಿತಿ ಕಂಡರೆ ಹದಿನೈದು ದಿನಗಳ ಒಂದು ಸೆನ್ಸರ್ ಒಳ್ಳೆಯ ಉಪಾಧ್ಯಾಯನಾಗಬಲ್ಲದು. ಒಂದೇ ಊಟವನ್ನು ಎರಡು ಮೂರು ದಿನ ಉಂಡು ನೋಡಬೇಕು. ಒಂದು ದಿನದ ಅಂಕಿಯನ್ನು ನಂಬಬಾರದು. ಅನ್ನದ ಪ್ರಮಾಣವನ್ನು ಅರ್ಧ ಮಾಡಿ ಪಲ್ಯ, ಬೇಳೆಗಳನ್ನು ಹೆಚ್ಚಿಸಿದಾಗ ಏನಾಗುತ್ತದೆ, ಊಟವಾದ ಮೇಲೆ ಹದಿನೈದು ನಿಮಿಷ ನಡೆದಾಗ ಏನಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅಷ್ಟು ಕಲಿತ ಮೇಲೆ ಸೆನ್ಸರನ್ನು ತೆಗೆದು ಅಭ್ಯಾಸವನ್ನು ಉಳಿಸಿಕೊಂಡರಾಯಿತು. ಮೂರು ತಿಂಗಳ ಬಳಿಕ ಮತ್ತೆ ಅದೇ ಪ್ರಯೋಗಾಲಯದಲ್ಲಿ ಎಚ್‌ಬಿಎ1ಸಿ ನೋಡಿದರೆ, ಪಟ್ಟ ಶ್ರಮ ಫಲಿಸಿತೇ ಎಂದು ತಿಳಿಯುತ್ತದೆ.

ಅಂಕಿ ನೋಡಿದೊಡನೆ ಎದೆ ಹಾರುವವರು, ಊಟದೊಡನೆ ಮೊದಲೇ ಜಗಳವಿರುವವರು ಇದರಿಂದ ದೂರವಿರುವುದೇ ಮೇಲು. ಗೆರೆ ಏರಿದ್ದಕ್ಕೆ ಹಬ್ಬದ ಹೋಳಿಗೆಯನ್ನು ಮುಟ್ಟದೆ, ಮನೆಯವರೊಡನೆ ಕೂತು ಉಣ್ಣುವುದನ್ನೇ ಬಿಟ್ಟರೆ ಕಳೆದುಕೊಂಡದ್ದನ್ನು ಯಾವ ಮಾಪಕವೂ ತೋರಿಸದು.

ಇನ್ನು, ಊರಿನಿಂದ ಬಂದ ತಂದೆಯ ಪೆಟ್ಟಿಗೆಯಲ್ಲಿರುವ ಆ ಹಳೆಯ ಗ್ಲೂಕೋಮೀಟರ್. ಇನ್ಸುಲಿನ್ ತೆಗೆದುಕೊಳ್ಳುವ ಅವರಿಗೆ ಪ್ರಯಾಣದಿಂದ ಹೊತ್ತು ಬದಲಾಗಿದೆ, ಊಟ ಬದಲಾಗಿದೆ, ಪಟ್ಟಿಗಳು ಮುಗಿಯುತ್ತ ಬಂದಿವೆ, ಸಂದರ್ಶಕರ ವಿಮೆ ಹಳೆಯ ಕಾಯಿಲೆಯ ವೆಚ್ಚವನ್ನು ಹೊರುವುದೂ ಅಪರೂಪ. ಮನೆಯಲ್ಲಿ ನಿಯಮಿತ ಪರೀಕ್ಷೆಯ ಅಗತ್ಯ ಯಾರಿಗೆ ಹೆಚ್ಚು ಎಂದು ಕೇಳಿದರೆ, ಉತ್ತರ ಬಹಳ ಸಲ ಮೇಜಿನ ಆ ಬದಿಯಲ್ಲಿ ಕೂತಿರುತ್ತದೆ. ತನ್ನ ತೋಳಿನ ಸೆನ್ಸರಿಗೆ ತಿಂಗಳಿಗೆ ನೂರು ಡಾಲರ್ ಕೊಡುವ ಮಗ, ಆ ಪಟ್ಟಿಗಳು ಎಷ್ಟು ಉಳಿದಿವೆ ಎಂದು ಮೊದಲು ವಿಚಾರಿಸಬೇಕು.