ಗೊನೆ ನೋಡುವ ನಾವು ಬಾಯಿಯನ್ನೂ ನೋಡಿಕೊಳ್ಳೋಣ



ಮಳೆ ಹಿಡಿಯುವ ಮೊದಲೇ ಬೋರ್ಡೋ ಮದ್ದು ಹೊಡೆಯದಿದ್ದರೆ ಕೊಳೆರೋಗಕ್ಕೆ ಗೊನೆ ಉಳಿಯದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದೇ ಅಡಿಕೆಯನ್ನು ದಿನವಿಡೀ ದವಡೆಯಲ್ಲಿಟ್ಟುಕೊಳ್ಳುವ ನಾವು ನಮ್ಮ ಬಾಯೊಳಗನ್ನು ಒಮ್ಮೆಯಾದರೂ ಕನ್ನಡಿಯಲ್ಲಿ ನೋಡಿಕೊಂಡದ್ದುಂಟೇ?

ಕೆನ್ನೆಯ ಒಳಬದಿಗೆ ತೆಳುವಾದ ಲೋಳೆಪೊರೆಯ ಹೊದಿಕೆಯಿದೆ. ಅದರ ಮೇಲ್ಪದರದ ಜೀವಕೋಶಗಳು ಸವೆದಂತೆಲ್ಲ ಕೆಳಗಿನಿಂದ ಹೊಸವು ಬರುತ್ತವೆ. ಅದರ ಅಡಿಯಲ್ಲಿ ರಕ್ತನಾಳಗಳೂ ನಾರೆಳೆಗಳೂ ಕೂಡಿದ ಮೆತ್ತನೆಯ ಹಾಸು. ಬಾಯಿ ಸಲೀಸಾಗಿ ತೆರೆಯುವುದು ಅದು ಹಿಗ್ಗುವುದರಿಂದ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಈ ಹಾಸಿನಲ್ಲಿ ನಾರು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಅಡಿಕೆಯ ತಾಮ್ರ, ಟ್ಯಾನಿನ್‌ಗಳು ಆ ನಾರನ್ನು ಕರಗದಂತೆ ಬಿಗಿಗೊಳಿಸುತ್ತವೆ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ಕೆನ್ನೆಯೊಳಗೆ ಬಿಳಿಚು, ಬೆರಳಿಗೆ ಸಿಗುವ ಹುರಿ. ಕೊನೆಗೆ ತುತ್ತಿಡಲೂ ಬಾಯಿ ತೆರೆಯದು. 1953ರಲ್ಲಿ ಮುಂಬಯಿಯ ವೈದ್ಯ ಎಸ್. ಜಿ. ಜೋಶಿಯವರು ವಿವರಿಸಿದ ಈ ರೋಗವನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಚಟ ಬಿಟ್ಟರೂ ಗಟ್ಟಿಯಾದ ನಾರು ಮೊದಲಿನಂತಾಗುವುದು ಕಷ್ಟ. ಕೆಲವರಲ್ಲಿ ಇದು ಕ್ಯಾನ್ಸರಿಗೂ ತಿರುಗುತ್ತದೆ.

"ಎಲ್ಲವೂ ಹೊಗೆಸೊಪ್ಪಿನ ದೋಷ, ನಮ್ಮ ಅಡಿಕೆ ನಿರ್ದೋಷಿ" ಎಂಬ ಮಾತು ನಮ್ಮ ಸಭೆಗಳಲ್ಲಿ ಕೇಳಿಬರುತ್ತದೆ. ಹೊಗೆಸೊಪ್ಪು ಸೇರಿದರೆ ಅಪಾಯ ಹೆಚ್ಚುವುದು ನಿಜ. ಆದರೆ ಹೊಗೆಸೊಪ್ಪು ಮುಟ್ಟದವರಿಗೂ ಈ ನಾರುರೋಗ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ತನ್ನ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎಲೆಯಡಿಕೆಯವರಿಗಿಂತ ಪೊಟ್ಟಣದ ಪಾನ್ ಮಸಾಲ ಜಗಿಯುವ ಹುಡುಗರಲ್ಲಿ ರೋಗ ಬೇಗ ಕಾಣಿಸಿಕೊಳ್ಳುತ್ತದೆಂಬುದನ್ನೂ ನಾವು ಮರೆಯುವಂತಿಲ್ಲ.

ಹೀಗೆ ಬರೆದರೆ ಧಾರಣೆ ಬೀಳದೇ ಎಂದು ಕೆಲವರು ಕೇಳಿಯಾರು. ನಾನೂ ಅಡಿಕೆಯಿಂದಲೇ ಮಕ್ಕಳನ್ನು ಓದಿಸಿದವನು; ಕವಳ ಹಾಕಿದವನೂ ಹೌದು. ಬೆಲೆಗಾಗಿ ಹೋರಾಡೋಣ, ಅಡಿಕೆಯ ಬೇರೆ ಉಪಯೋಗಗಳ ಸಂಶೋಧನೆಗೆ ಒತ್ತಾಯಿಸೋಣ. ಆದರೆ ಬೆಲೆ ಉಳಿಸಲೆಂದು ನಮ್ಮವರಿಂದಲೇ ಸತ್ಯ ಮುಚ್ಚಿಡುವುದು ಸಹಕಾರ ಧರ್ಮವಲ್ಲ.

ನನ್ನ ಸಲಹೆ ಇಷ್ಟೇ. ವಾರ್ಷಿಕ ಮಹಾಸಭೆಯ ದಿನ ಸಂಘದ ವಖಾರಿಯಲ್ಲಿ ದಂತವೈದ್ಯರಿಂದ ಬಾಯಿ ತಪಾಸಣೆ ನಡೆಯಲಿ. ಸದಸ್ಯರಷ್ಟೇ ಅಲ್ಲ, ಕೊನೆ ಕೊಯ್ಯುವವರು, ಅಡಿಕೆ ಸುಲಿಯುವ ಹೆಂಗಸರು, ಕಾಫಿ ಕೊಯ್ಲಿನ ಆಳುಗಳೂ ಬರಲಿ. ಅಲ್ಲಿಯವರೆಗೆ ಪ್ರತಿಯೊಬ್ಬರೂ ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಬಲ್ಲುಗಳ ನಡುವೆ ಹಿಡಿದು ನೋಡಿಕೊಳ್ಳಲಿ. ಹಿಡಿಯದಿದ್ದರೆ, ಅಥವಾ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ ಎರಡು ವಾರದಲ್ಲಿ ಮಾಯದಿದ್ದರೆ, ಕೊಯ್ಲು ಮುಗಿಯಲಿ ಎಂದು ಕಾಯದೆ ವೈದ್ಯರಲ್ಲಿಗೆ ಹೋಗಿ.