ಹಳೆಯ ಕೋವಿಯ ಗುರಿ



ನಮ್ಮ ಸರಗೂರಿನ ಸುತ್ತಲ ಕಾಡುಗಳಲ್ಲಿ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆ ಹಾಕಿತು, ಒಳ್ಳೆಯದೇ ಆಯಿತು. ಆದರೆ ನೆರೆಯ ಕೊಡಗಿನಲ್ಲಿ ಹಳೆಯ ಬೋಲ್ಟ್ ರೈಫಲ್ಲುಗಳು ಇನ್ನೂ ಉಳಿದಿವೆ. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ, ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಗುರಿ ತಪ್ಪಿದೊಡನೆ ನಳಿಗೆಯನ್ನೇ ದೂರುವವರುಂಟು. ಈ ಆತುರ ಸಲ್ಲದೆಂಬುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಕೋವಿಯ ಮರ ತೇವ ಹೀರಿ ಉಬ್ಬುತ್ತದೆ. ಅದು ನಳಿಗೆಯನ್ನು ಒಂದು ಬದಿಗೆ ಒತ್ತಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಆದ್ದರಿಂದ ಮೊದಲು ಮರವನ್ನೂ ತಿರುಪುಗಳ ಬಿಗಿಯನ್ನೂ ನೋಡಬೇಕು. ಅನಂತರ ನಳಿಗೆಯೊಳಗಿನ ತಾಮ್ರದ ಕಿಟ್ಟವನ್ನು ತೆಗೆದು, ಅದರ ಬಾಯಂಚು ನೆಗ್ಗಿದೆಯೇ ಎಂದು ಪರೀಕ್ಷಿಸಬೇಕು. ಒಂದೇ ಬಗೆಯ ತೋಟಾ ಹಾಕಿ, ಕೋವಿಯನ್ನು ಆಸರೆಯ ಮೇಲಿಟ್ಟು ಐದು ಗುಂಡು ಹೊಡೆಯಬೇಕು. ಅವು ಒಂದೆಡೆ ಗುಂಪಾಗಿ ಬಿದ್ದರೆ ನಳಿಗೆ ನಿರ್ದೋಷಿ. ಸೈಟನ್ನು ತಿದ್ದಿದರೆ ಸಾಕು. ಚದುರಿದರೆ ಮಾತ್ರ ರಿಪೇರಿಯ ಮಾತು. ಅದನ್ನೂ ಪರವಾನಗಿಯುಳ್ಳವರಿಗೇ ಒಪ್ಪಿಸಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮವೂ ಅದೇ.

ಹಿಂದೆ ಗುರಿ ತಪ್ಪಿದರೆ ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳುತ್ತಿತ್ತು. ಇಂದು ತೆಂಗಿನಕಾಯಿ ಉಳಿಯುತ್ತದೆ, ಅಷ್ಟೇ ಎನ್ನಬೇಡಿ. ತಪ್ಪಿದ ಗುಂಡು ಎಲ್ಲಿಯಾದರೂ ಹೋಗಿ ತಾಗಲೇಬೇಕಲ್ಲವೇ? ಕೋವಿಯ ನಿಖರತೆ ಬಹುಮಾನದ ಮಾತಲ್ಲ, ಹೊಣೆಯ ಮಾತು.