ಅಮ್ಮನ ಕೈಚೀಲ, ತಪಾಸಣೆಯ ಸಾಲು

ಮಗಳ ಬಾಣಂತನಕ್ಕೆಂದು ಅಮೆರಿಕದ ವಿಮಾನ ಹತ್ತಲು ಹೊರಟ ಅಮ್ಮಂದಿರು ದೇವನಹಳ್ಳಿಯ ನಿಲ್ದಾಣದಲ್ಲಿ ಆಗಾಗ ಕಣ್ಣಿಗೆ ಬೀಳುತ್ತಾರೆ. ಟಿಕೆಟ್ಟು, ವೀಸಾ, ವಿಮೆ ಎಲ್ಲವನ್ನೂ ಮಕ್ಕಳು ಅಚ್ಚುಕಟ್ಟಾಗಿ ಮಾಡಿಸಿರುತ್ತಾರೆ. ಭದ್ರತಾ ತಪಾಸಣೆಯಲ್ಲಿ ಏನೇನು ಕೇಳುತ್ತಾರೆ ಎಂಬುದನ್ನು ಮಾತ್ರ ಕೂರಿಸಿಕೊಂಡು ಹೇಳಿರುವುದಿಲ್ಲ. ಫೋನು ಹಾಕಿ, ಪರ್ಸು ಹಾಕಿ, ಚಾರ್ಜರ್ ತೆಗೆಯಿರಿ ಎಂದು ಹಿಂದಿಯಲ್ಲಿ ಒಂದರ ಹಿಂದೆ ಒಂದು ಮಾತು ಬಿದ್ದಾಗ ಆ ತಾಯಿ ತಬ್ಬಿಬ್ಬಾಗುತ್ತಾರೆ. ಹಿಂದಿನವರು ಲೊಚಗುಟ್ಟುತ್ತಾರೆ. ಅದನ್ನು ನೋಡುವುದು ನನಗೆ ನಿಜಕ್ಕೂ ಸಂಕಟ.

ತಪಾಸಣೆಯನ್ನು ದೂರುತ್ತಿಲ್ಲ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದದ್ದನ್ನು ಕಂಡವರು ನಾವು. ನಿಲ್ದಾಣಗಳ ಕಾವಲು ಸಿಐಎಸ್‌ಎಫ್ ಕೈಗೆ ಹೋಗತೊಡಗಿದ್ದು ಅದರ ಮರುವರ್ಷ, ಜೈಪುರದಿಂದ. ನಿಯಮ ಇರಲಿ, ಬಿಗಿಯಾಗಿಯೇ ಇರಲಿ. ಅದು ಮನೆಯಲ್ಲೇ ಗೊತ್ತಿರಬೇಕು, ಅಷ್ಟೇ.

ತೊಡಕು ಬರುವುದು ಹೆಚ್ಚಾಗಿ ತಿಂಡಿ ಪದಾರ್ಥದಿಂದ. ಪುಳಿಯೋಗರೆ ಗೊಜ್ಜು, ತುಪ್ಪ, ಜೇನು, ಉಪ್ಪಿನಕಾಯಿ ಎಲ್ಲವೂ ವಿದೇಶಕ್ಕೆ ಹೋಗುವ ವಿಮಾನದ ಲೆಕ್ಕದಲ್ಲಿ ದ್ರವವೇ. ಕೈಚೀಲದಲ್ಲಿ 100 ಮಿಲಿ ಮೀರಿದ ಡಬ್ಬಿ ನಡೆಯದು. ದೊಡ್ಡ ಡಬ್ಬಿಯ ತಳದಲ್ಲಿ ಎರಡು ಚಮಚ ಗೊಜ್ಜಿದ್ದರೂ ನೋಡುವುದು ಡಬ್ಬಿಯ ಅಳತೆಯನ್ನು. 2006ರಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ತುಂಬಿ ವಿಮಾನ ಉರುಳಿಸುವ ಸಂಚು ಬ್ರಿಟನ್ನಿನಲ್ಲಿ ಬಯಲಾದ ಮೇಲೆ ಬಂದ ಕಟ್ಟುಪಾಡು ಇದು. ಅಮೆರಿಕದ ವಿಮಾನಕ್ಕೆ 2018ರಿಂದ ಪುಡಿಯ ಮೇಲೂ ಕಣ್ಣಿದೆ: 350 ಮಿಲಿ ಅಳತೆ ಮೀರಿದರೆ ಬಿಚ್ಚಿ ನೋಡುತ್ತಾರೆ, ಸಮಾಧಾನವಾಗದಿದ್ದರೆ ಬಿಡುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ದೊಡ್ಡ ಸೂಟ್‌ಕೇಸಿಗೆ ಹೋಗಲಿ. ಎಣ್ಣೆಯಂಶದಿಂದ ಹೊತ್ತಿಕೊಳ್ಳಬಲ್ಲ ಒಣ ಕೊಬ್ಬರಿಯನ್ನು ಮನೆಯಲ್ಲೇ ಬಿಡಿ. ಪವರ್ ಬ್ಯಾಂಕಿನದು ಉಲ್ಟಾ: ಅದು ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಬಿದ್ದರೆ ಆಸನದ ಬಳಿ ಆರಿಸಬಹುದು, ವಿಮಾನದ ಹೊಟ್ಟೆಯೊಳಗೆ ಯಾರ ಕೈಯೂ ತಲುಪದು.

ಇನ್ನು ಎಕ್ಸ್‌ರೇ. ಪರದೆಯ ಮೇಲೆ ಬಟ್ಟೆ, ಆಹಾರ, ಪ್ಲಾಸ್ಟಿಕ್ಕು ಕಿತ್ತಳೆ ಬಣ್ಣದಲ್ಲಿ, ಲೋಹ ನೀಲಿಯಲ್ಲಿ, ಎರಡರ ನಡುವಿನದು ಹಸಿರಿನಲ್ಲಿ ಕಾಣುತ್ತದೆ. ಸ್ಟೀಲ್ ಡಬ್ಬಿ, ಅದರ ಮೇಲೆ ಚಾರ್ಜರ್ ವೈರು, ಪಕ್ಕದಲ್ಲಿ ಬೆಳ್ಳಿಯ ಕುಂಕುಮದ ಭರಣಿ ಒಂದೇ ಮೂಲೆಗೆ ಒತ್ತಿದ್ದರೆ ಅಲ್ಲಿ ಏನೂ ತಿಳಿಯದ ಕಪ್ಪು ಗಟ್ಟಿ ಮೂಡುತ್ತದೆ. ಚೀಲ ಪಕ್ಕಕ್ಕೆ ಹೋಗುತ್ತದೆ, ಅಮ್ಮನ ಎದೆ ಡವಗುಟ್ಟುತ್ತದೆ. ಆ ಪರದೆಯನ್ನು ದಿಟ್ಟಿಸುವುದು ಸುಲಭದ ಕೆಲಸವಲ್ಲ. ಕಣ್ಣು ಸೋಲುತ್ತದೆಂದೇ ಯುರೋಪಿನ ನಿಯಮ ಸಾಮಾನ್ಯವಾಗಿ ಒಂದೇ ಸಮನೆ 20 ನಿಮಿಷಕ್ಕಿಂತ ಹೆಚ್ಚು ನೋಡಿಸುವುದಿಲ್ಲ. ಲೋಹದ ಸಾಮಾನು ಬಿಡಿಬಿಡಿಯಾಗಿ ಇಟ್ಟರೆ ಅಲ್ಲಿ ಕೂತವರಿಗೂ ಉಪಕಾರ.

ಮಂಡಿಚಿಪ್ಪು ಬದಲಾಯಿಸಿಕೊಂಡವರು, ಪೇಸ್‌ಮೇಕರ್ ಇರುವವರು ಲೋಹಶೋಧಕದ ಬಾಗಿಲಿಗೆ ಮೊದಲೇ ಸಿಬ್ಬಂದಿಗೆ ತಿಳಿಸಬೇಕು. ಸಂಕೋಚಪಟ್ಟು ಸುಮ್ಮನಿರುವವರೇ ಹೆಚ್ಚು. ಕೃತಕ ಕಾಲಿನ ನರ್ತಕಿ ಸುಧಾ ಚಂದ್ರನ್ ಪ್ರತಿ ಸಲವೂ ಕಾಲು ಬಿಚ್ಚಿಸುತ್ತಾರೆಂದು 2021ರಲ್ಲಿ ವಿಡಿಯೊ ಮೂಲಕ ನೋವು ತೋಡಿಕೊಂಡಾಗ ಸಿಐಎಸ್‌ಎಫ್ ಕ್ಷಮೆ ಕೇಳಿತು. ಅಸಾಧಾರಣ ಸಂದರ್ಭದಲ್ಲಿ ಮಾತ್ರ ಬಿಚ್ಚಿಸಬೇಕೆಂಬುದೇ ನಿಯಮ ಎಂದೂ ಹೇಳಿತು. ಹೆಸರಾಂತ ಕಲಾವಿದೆ ದನಿ ಎತ್ತಿದ್ದರಿಂದ ಅದು ನಮಗೆಲ್ಲ ಗೊತ್ತಾಯಿತು. ಹಾಸನದಿಂದಲೋ ಶಿರಸಿಯಿಂದಲೋ ಒಬ್ಬರೇ ಬಂದ ಅಮ್ಮನಿಗೆ, ಮರೆಯಲ್ಲಿ ತಪಾಸಣೆ ಮಾಡಿ ಎಂದು ತಾನೂ ಕೇಳಬಹುದು ಎಂಬುದನ್ನು ಟಿಕೆಟ್ ತೆಗೆದುಕೊಟ್ಟ ಮಗನೇ ಹೇಳಿ ಕಳಿಸಬೇಕು.